ಏಳು ನಿಮಿಷ ಮುಂದಿದ್ದ ಅಡುಗೆಮನೆ

1

ಈ ಕಥೆಯನ್ನು ಗಡಿಯಾರದಿಂದ ಶುರುಮಾಡಲೋ, ಗುಂಡುಲಾ ಅವರಿಂದ ಶುರುಮಾಡಲೋ, ಇಲ್ಲ ನನ್ನ ಹಾಳು ಬಾಯಿಯಿಂದ ಶುರುಮಾಡಲೋ ಎಂದು ಮೂರು ದಿನದಿಂದ ಕೂತಿದ್ದೇನೆ. ಗಡಿಯಾರದಿಂದ ಶುರುಮಾಡಿದರೆ ನೀವು ಇದು ಯಾವುದೋ ಸಾಮಾನಿನ ಜೊತೆ ಬರುವ ಕೈಪಿಡಿ ಎಂದುಕೊಂಡು ಪುಟ ತಿರುಗಿಸುತ್ತೀರಿ. ಗುಂಡುಲಾ ಅವರಿಂದ ಶುರುಮಾಡಿದರೆ, ಎಪ್ಪತ್ತೈದರ ಹೆಂಗಸು, ಅಡುಗೆಮನೆ, ಮೊಮ್ಮಗಳು ಎಂದು ಓದಿದ ಕೂಡಲೇ ಕರವಸ್ತ್ರ ಹುಡುಕುತ್ತೀರಿ. ಅಳಲಿ ಎಂದು ನಿಮ್ಮನ್ನು ಕರೆದಿಲ್ಲ. ಸಿಟ್ಟು ಬರಲಿ ಎಂದು ಕರೆದಿದ್ದೇನೆ. ನ್ಯಾಯವಾಗಿ ನನ್ನ ಬಾಯಿಯಿಂದಲೇ ಶುರುಮಾಡಬೇಕು, ಆದರೆ ಮೊದಲ ಪುಟದಲ್ಲೇ ತಪ್ಪೊಪ್ಪಿಕೊಂಡುಬಿಟ್ಟರೆ ಉಳಿದ ಪುಟ ಯಾರು ಓದುತ್ತಾರೆ?

ಹಾಗಾಗಿ ಗಡಿಯಾರ.

(ಹರಿದು ಹಾಕಿದ ಮೊದಲ ಕರಡು ಹೀಗಿತ್ತು: ‘ಕಾಲವೆಂದರೇನು?’ ಅಲ್ಲಿಗೇ ನಿಲ್ಲಿಸಿದೆ. ಅಂಥ ಪ್ರಶ್ನೆ ಕೇಳುವವರಿಗೆ ಮಧ್ಯಾಹ್ನ ಹನ್ನೆರಡೂವರೆಗೆ ಮಗುವನ್ನು ಕರೆದು ತರುವ ಕೆಲಸ ಇರುವುದಿಲ್ಲ.)

2

ನಾನು ಗುಂಡುಲಾ ಅವರ ಮೇಲಿನ ಮಹಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಬಾಡಿಗೆಗೆ ಇದ್ದೇನೆ. ಬೆಳಿಗ್ಗೆ ಕನ್ನಡದಲ್ಲಿ ಬರೆಯುತ್ತೇನೆ, ಮಧ್ಯಾಹ್ನದ ಮೇಲೆ ಊರ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಚೀಟಿ ಅಂಟಿಸುತ್ತೇನೆ. ಅವರ ಅಡುಗೆಮನೆ ಕಿಟಕಿಯಿಂದ ನೋಡಿದರೆ ಮೈನ್ ನದಿಯಾಚೆ, ಎಲೆಕೋಸಿನ ಹೊಲಗಳ ಮೇಲೆ, ಸಣಕಲು ಕಂಬಗಳು ಆಕಾಶಕ್ಕೆ ನಿಂತಿರುವುದು ಕಾಣುತ್ತದೆ. ಗಾಳಿಯಲ್ಲಿ ಸಂಕೇತ ಕೇಳಿಸಿಕೊಂಡು ತಾವೇ ಟೈಮ್ ಸರಿಮಾಡಿಕೊಳ್ಳುವ ಗಡಿಯಾರಗಳಿವೆಯಲ್ಲ, ಇಡೀ ದೇಶದ ಅಂಥ ಗಡಿಯಾರಗಳಿಗೆಲ್ಲ ಸಂಕೇತ ಹೊರಡುವುದು ಆ ಕಂಬಗಳಿಂದಲೇ. ಸುತ್ತಮುತ್ತಲಿನ ದೇಶಗಳಿಗೂ ಅದೇ. ಗುಂಡುಲಾ ಅವರಿಗೆ ಅವು ಮಳೆ ಬರುತ್ತದೋ ಇಲ್ಲವೋ ನೋಡುವ ಕಂಬಗಳು. ತುದಿ ಮೋಡದಲ್ಲಿ ಮುಳುಗಿದ್ದರೆ ಬಟ್ಟೆ ಹೊರಗೆ ಒಣಹಾಕುವುದಿಲ್ಲ.

ಅವರ ಅಡುಗೆಮನೆಯಲ್ಲಿ ಒಂದು ಹಳದಿ ಪ್ಲಾಸ್ಟಿಕ್ ಗಡಿಯಾರ ಇತ್ತು. ಮಗ ಹೋಲ್ಗರ್ ಹುಟ್ಟಿದ ವರ್ಷ ತಂದದ್ದು. ಅದು ಏಳು ನಿಮಿಷ ಮುಂದೆ. ಯಾರು ಮುಂದಿಟ್ಟರು, ಯಾಕೆ ಏಳು, ಯಾರಿಗೂ ನೆನಪಿಲ್ಲ. ಮುಂದಿದೆ ಎಂದು ಮನೆಯವರಿಗೆಲ್ಲ ಗೊತ್ತಿತ್ತು, ಆದರೆ ಒಬ್ಬರೂ ಏಳನ್ನು ಕಳೆದು ಲೆಕ್ಕ ಹಾಕುತ್ತಿರಲಿಲ್ಲ. ಐದು ನಿಮಿಷ ಮೊದಲು ಬಂದವನೇ ಹೊತ್ತಿಗೆ ಸರಿಯಾಗಿ ಬಂದವನು ಎನ್ನುವ ಜನ ಇವರು. ಇಲ್ಲಿನ ಅರ್ಧ ಅಡುಗೆಮನೆಗಳು ಹೀಗೆಯೇ ನಿಜವಾದ ಹೊತ್ತಿಗಿಂತ ನಾಲ್ಕು ಹೆಜ್ಜೆ ಮುಂದೆ ಓಡುತ್ತಿರುತ್ತವೆ.

ಕಳೆದ ನವೆಂಬರಿನಲ್ಲಿ ಗುಂಡುಲಾ ಅವರ ಎಪ್ಪತ್ತೈದನೇ ಹುಟ್ಟುಹಬ್ಬ. ಹೋಲ್ಗರ್ ದೊಡ್ಡ ಡಬ್ಬ ಹೊತ್ತು ಬಂದ. ಇಡೀ ಜಿಲ್ಲೆಯ ಲಿಫ್ಟುಗಳನ್ನು ತಪಾಸಣೆ ಮಾಡಿ ಸ್ಟಿಕರ್ ಅಂಟಿಸುವುದು ಅವನ ಕೆಲಸ. ಸ್ಟಿಕರ್ ಇಲ್ಲದ ಯಾವುದನ್ನೂ ಅವನು ನಂಬುವವನಲ್ಲ. (ಮೊದಲ ಕರಡಿನಲ್ಲಿ ಹೋಲ್ಗರ್ ‘ಅವರು’ ಆಗಿದ್ದರು. ಸಿಟ್ಟು ಬಂದು ಬದಲಾಯಿಸಿದೆ.)

“ಅಮ್ಮ, ಇದನ್ನ ನೀನು ಮುಟ್ಟೋದೇ ಬೇಡ. ತಾನೇ ಕೇಳಿಸ್ಕೊಳ್ಳುತ್ತೆ, ತಾನೇ ಸರಿ ಮಾಡ್ಕೊಳ್ಳುತ್ತೆ,” ಅಂದ.

“ಅಂದ್ರೆ ನನ್ನ ಮಾತು ಕೇಳದೆ ಇರೋದು ಮನೇಲಿ ಇನ್ನೊಂದು ಬಂತು ಅನ್ನು,” ಅಂದರು ಗುಂಡುಲಾ.

ಬ್ಯಾಟರಿ ಹಾಕಿದ. ಮುಳ್ಳುಗಳು ಗಿರಗಿರನೆ ಸುತ್ತಿ ಹನ್ನೆರಡಕ್ಕೆ ಬಂದು ನಿಂತವು. ಸಂಕೇತ ಸಿಕ್ಕಮೇಲೆ ಹೊರಡುತ್ತವಂತೆ. ಕಾದೆವು. ಮೇಜಿನ ಮೇಲೆ ಗಸಗಸೆ ಕೇಕು, ತಣ್ಣಗಾಗುತ್ತಿದ್ದ ಕಾಫಿ. ಹತ್ತು ನಿಮಿಷವಾದರೂ ಹನ್ನೆರಡೇ. ಹೋಲ್ಗರ್ ಗಡಿಯಾರವನ್ನು ಎದೆಗವಚಿಕೊಂಡು ಕಿಟಕಿಗೆ ಹೋದ, ಕಂಬಗಳ ಕಡೆ ಮುಖ ಮಾಡಿ ಹಿಡಿದ. ದೇವರಿಗೆ ಮಗು ತೋರಿಸುವ ಹಾಗೆ ಕಂಡ. ಏನೂ ಇಲ್ಲ. ಕೈಪಿಡಿ ಓದಿದ. ಕಬ್ಬಿಣದ ಹತ್ತಿರ ಬೇಡ, ಫ್ರಿಜ್ ಹತ್ತಿರ ಬೇಡ, ಟಿವಿ ಹತ್ತಿರ ಬೇಡ, ಕೆಲವು ದೀಪಗಳೂ ಬೇಡ.

ಕಪಾಟಿನ ಕೆಳಗೆ ಅವನೇ ಹಿಂದಿನ ವರ್ಷ ಜೋಡಿಸಿದ್ದ ಎಲ್‌ಇಡಿ ದೀಪ ಉರಿಯುತ್ತಿತ್ತು. ಅದನ್ನು ಆರಿಸಿದ. ಸ್ವಲ್ಪ ಹೊತ್ತಿಗೆ ಮುಳ್ಳುಗಳು ಹೊರಟವು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ನಮ್ಮ ಗಾದೆ, ಇಲ್ಲಿ ಕತ್ತಲೆ ಮಾಡಿದ್ದು ದೀಪವೇ. ಮರುವಾರ ಹೋಲ್ಗರ್ ಬೇರೆ ದೀಪ ತಂದು ಹಾಕಿದ. ಹಳದಿ ಗಡಿಯಾರವನ್ನು ಕಾರಿನಲ್ಲಿಟ್ಟುಕೊಂಡು ಹೋಗಿ ಊರಾಚೆಯ ಗುಜರಿ ಅಂಗಳದ ತೊಟ್ಟಿಗೆ ಹಾಕಿದ. ಒಮ್ಮೆ ಆ ತೊಟ್ಟಿಗೆ ಬಿದ್ದದ್ದನ್ನು ಹಾಕಿದವನೇ ಬಂದು ಕೇಳಿದರೂ ವಾಪಸ್ ಕೊಡುವುದಿಲ್ಲ. ಅದು ಕಾನೂನು.

(ನನಗೆ ಗೊತ್ತಿದೆ, ಗುಂಡುಲಾ ಬಸ್ಸಿನಲ್ಲಿ ಹೋಗಿ ಕೇಳಿ ಬಂದರು.)

3

ಈಗ ಸಣ್ಣ ಲೆಕ್ಕ. ದಯವಿಟ್ಟು ಗಮನ ಕೊಡಿ, ಮುಂದಿನ ಅನ್ಯಾಯವೆಲ್ಲ ಇದರ ಮೇಲೆ ನಿಂತಿದೆ.

ಮೊಮ್ಮಗಳು, ಹೋಲ್ಗರ್‌ನ ಮಗಳು ಯೂಲೆಗೆ ನಾಲ್ಕು ವರ್ಷ. ಸೋಮವಾರ, ಮಂಗಳವಾರ, ಗುರುವಾರ ಶಿಶುವಿಹಾರದಿಂದ ಅವಳನ್ನು ಕರೆದು ತರುವವರು ಗುಂಡುಲಾ. ಹನ್ನೆರಡೂವರೆಗೆ ಬಾಗಿಲು ಹಾಕುತ್ತಾರೆ. ನಡೆದರೆ ಹನ್ನೆರಡು ನಿಮಿಷದ ದಾರಿ. ಹಳದಿ ಗಡಿಯಾರ ಹನ್ನೆರಡು ಇಪ್ಪತ್ತು ತೋರಿಸಿದಾಗ ಗುಂಡುಲಾ ಹೊರಡುತ್ತಿದ್ದರು. ನಿಜವಾಗಿ ಆಗ ಹನ್ನೆರಡು ಹದಿಮೂರು. ಹನ್ನೆರಡು ಇಪ್ಪತ್ತೈದಕ್ಕೆ ಗೇಟಿನ ಮುಂದೆ. ಎರಡು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ.

ಹೊಸ ಗಡಿಯಾರ ಹನ್ನೆರಡು ಇಪ್ಪತ್ತು ತೋರಿಸಿದಾಗಲೂ ಅವರು ಹೊರಟರು. ಗೇಟು ತಲುಪಿದಾಗ ಹನ್ನೆರಡು ಮೂವತ್ತೆರಡು. ಬೆಲ್ ಒತ್ತಬೇಕಾಯಿತು. ಬೆಲ್ ಒತ್ತಿ ಒಳಗೆ ಬಂದವರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆಯುತ್ತಾರೆ. ಸತತ ನಾಲ್ಕು ಸಲ ಬರೆದರು. ನಾಲ್ಕೂ ಸಲ ಎರಡೇ ನಿಮಿಷ. ಹೋಲ್ಗರ್‌ಗೆ ಶಿಶುವಿಹಾರದಿಂದ ಪತ್ರ ಹೋಯಿತು.

“ಗಡಿಯಾರ ಒಂದು ಸೆಕೆಂಡೂ ತಪ್ಪಲ್ಲಮ್ಮ. ಅಂದ್ಮೇಲೆ ತಪ್ತಿರೋದು ಯಾರು?” ಅಂದ ಹೋಲ್ಗರ್.

ನನ್ನ ಹೊಟ್ಟೆ ಉರಿಯುವುದು ಇಲ್ಲಿಯೇ. ಎಪ್ಪತ್ತೈದು ವರ್ಷದ ತಾಯಿಯ ಮಾತಿಗಿಂತ ಮೂವತ್ತು ಯೂರೋದ ಡಬ್ಬಿಯ ಮಾತಿಗೆ ಬೆಲೆ. ಗಡಿಯಾರ ಸರಿಯಾಗಿದೆ ಎಂಬುದು ನಿಜ. ಸರಿಯಾಗಿರುವುದರಿಂದಲೇ ಅವರಿಗೆ ತಡವಾಯಿತು ಎಂಬುದೂ ನಿಜ. ಎರಡು ನಿಜ ಒಟ್ಟಿಗೆ ಹಿಡಿಸುವಷ್ಟು ಜಾಗ ಹೋಲ್ಗರ್‌ನ ತಲೆಯಲ್ಲಿ ಇಲ್ಲ.

3, ಮತ್ತೆ

(ಬರೆದಷ್ಟನ್ನು ಕಾಫಿಗೆ ಹೋದಾಗ ಗುಂಡುಲಾ ಅವರಿಗೆ ಹೇಳುತ್ತಾ ಬಂದಿದ್ದೇನೆ. ಇಲ್ಲಿಗೆ ಬಂದಾಗ ತಡೆದರು.)

“ನಾನು ನಿನ್ನ ಕಥೇಲಿ ಕನ್ನಡ ಮಾತಾಡ್ತೀನಾ?”

“ಹೌದು.”

“ಬೈಯೋಕೆ ಬರುತ್ತಾ?”

“ಧಾರಾಳವಾಗಿ.”

“ಹಾಗಾದ್ರೆ ಸರಿ. ಆದ್ರೆ ಅದೇನೋ ಲೆಕ್ಕ ಅಂದ್ಯಲ್ಲ, ಅದನ್ನ ಓದಿದೋರು ಕೇಳ್ತಾರೆ. ಈ ಮುದುಕಿ ಏಳು ನಿಮಿಷ ಬೇಗ ಹೊರಡಬಾರ್ದಾ ಅಂತ.”

“ಕೇಳ್ತಾರೆ. ನಾನೂ ಕೇಳ್ಬೇಕು ಅಂತಿದ್ದೆ.”

“ನೀನೂನಾ?” ಚಮಚ ಕೆಳಗಿಟ್ಟರು. “ಮನೆಯಿಂದ ಹೊರಡೋ ಹೊತ್ತನ್ನ ತಲೆ ಹೇಳುತ್ತೆ ಅನ್ಕೊಂಡಿದ್ದೀಯಾ? ಕಾಲು ಹೇಳುತ್ತೆ ಕಣೇ. ಸೂಪು ಇಳಿಸ್ಬೇಕು, ಗ್ಯಾಸ್ ನೋಡ್ಬೇಕು, ಬೂಟು ಹಾಕ್ಬೇಕು, ಕತ್ತೆತ್ತಿದ್ರೆ ಇಪ್ಪತ್ತು. ನಲವತ್ತೆಂಟು ವರ್ಷದಿಂದ ಈ ಕಾಲಿಗೆ ಇಪ್ಪತ್ತು ಅಂದ್ರೆ ಬಾಗಿಲು. ಹದಿಮೂರು ಅಂದ್ರೆ ಇನ್ನೂ ಸೂಪು. ನಿನ್ನ ಮಗ ಬಂದು ನಿನ್ನ ಮನೆ ಬಾಗಿಲನ್ನ ಒಂದು ಗಜ ಆಚೆ ಇಟ್ಬಿಟ್ಟು, ಗೋಡೆಗೆ ಹಣೆ ಹೊಡ್ಕೊಂಡ್ರೆ ನೀನೇ ಕುರುಡಿ ಅಂದ್ರೆ ಏನ್ ಮಾಡ್ತೀಯಾ?”

ನನಗೆ ಮಗ ಇಲ್ಲ. ಆದರೂ ಹಣೆ ಮುಟ್ಟಿ ನೋಡಿಕೊಂಡೆ.

4

ಗುಂಡುಲಾ ಸುಮ್ಮನೆ ಕೂರುವವರಲ್ಲ. ಗಡಿಯಾರವನ್ನು ಏಳು ನಿಮಿಷ ಮುಂದಿಡುವುದೆಂದು ತೀರ್ಮಾನಿಸಿದರು. ಬೇರೆ ಗಡಿಯಾರ ತಂದು ಹಾಕಬಹುದಿತ್ತು. ಆದರೆ ಹೋಲ್ಗರ್ ಬಂದಾಗಲೆಲ್ಲ ಮೊದಲು ನೋಡುವುದು ತನ್ನ ಉಡುಗೊರೆ ಗೋಡೆಯ ಮೇಲಿದೆಯಾ ಎಂದು. ಬೇಜಾರು ಮಾಡಿಕೊಳ್ಳುತ್ತಾನೆ ಎಂಬುದು ಅವರ ಯೋಚನೆ. ನೋಡಿ, ಅವನ ಮನಸ್ಸು ನೋಯಬಾರದಂತೆ.

ಹಿಂದಿನ ಗುಂಡಿ ಒತ್ತಿ ಹಿಡಿದರೆ ಮುಳ್ಳುಗಳನ್ನು ಓಡಿಸಬಹುದಿತ್ತು. ಏಳು ನಿಮಿಷ ಓಡಿಸಿ ಮಲಗಿದರು. ಬೆಳಿಗ್ಗೆ ಎದ್ದು ರೇಡಿಯೋ ಹಾಕಿ ಹೋಲಿಸಿದರೆ ಗಡಿಯಾರ ಮತ್ತೆ ಸರಿಯಾದ ಹೊತ್ತು ತೋರಿಸುತ್ತಿತ್ತು. ಎಲ್ಲರೂ ಮಲಗಿದ ಮೇಲೆ ಅದು ಸಂಕೇತ ಕೇಳಿ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಮತ್ತೆ ಓಡಿಸಿದರು, ಮತ್ತೆ ತಿದ್ದಿಕೊಂಡಿತು.

ಆಗ ಅವರು ಕನ್ನಡಕ ಹಾಕಿಕೊಂಡು ಕೈಪಿಡಿ ತೆಗೆದರು. ಹೋಲ್ಗರ್ ಓದಿದ ಅದೇ ಪುಟ, ಆದರೆ ತಲೆಕೆಳಗಾಗಿ ಓದಿದರು. ಎಲ್ಲಿ ತೂಗುಹಾಕಬಾರದು ಎಂದಿತ್ತೋ ಅಲ್ಲೆಲ್ಲ ತೂಗುಹಾಕುತ್ತಾ ಹೋದರು. ಜಗತ್ತಿನವರೆಲ್ಲ ಸಂಕೇತ ಸಿಗಲಿ ಎಂದು ಮನೆಯೆಲ್ಲ ಅಲೆದರೆ, ಈ ಹೆಂಗಸು ಸಂಕೇತ ಸಿಗದ ಒಂದು ಮೂಲೆಗಾಗಿ ಅಲೆದರು. ಫ್ರಿಜ್ಜಿನ ಪಕ್ಕ ಇಟ್ಟರು, ಅಲ್ಲಿಗೂ ಬಂತು. ಟಿವಿ ಹಿಂದೆ ಇಟ್ಟರು, ಅಲ್ಲಿಗೂ ಬಂತು. ಅಲ್ಯೂಮಿನಿಯಂ ಹಾಳೆ ಸುತ್ತಿದರೆ ಅದನ್ನೂ ತೂರಿಕೊಂಡು ಬಂತು. ಕಿಟಕಿಯಲ್ಲೇ ಕಂಬ ಕಾಣುತ್ತಿರುವಾಗ ಬಾರದೆ ಏನು? ತಗಡಿನ ಕುಕೀ ಡಬ್ಬದಲ್ಲಿ ಹಾಕೋಣವೆಂದರೆ ಗಡಿಯಾರ ಹಿಡಿಸಲಿಲ್ಲ.

ಕೊನೆಗೆ ಓವನ್. ಉಕ್ಕಿನ ಪೆಟ್ಟಿಗೆ, ಉಕ್ಕಿನ ಬಾಗಿಲು. ಗಡಿಯಾರದ ಗಾಜಿಗೆ ಗೀರು ಬೀಳದಿರಲಿ ಎಂದು ಟವೆಲ್ ಸುತ್ತಿ ಒಳಗಿಟ್ಟು ಮಲಗಿದರು. ಬೆಳಿಗ್ಗೆ ತೆಗೆದು ನೋಡಿದರೆ ಏಳು ನಿಮಿಷ ಮುಂದೆ, ಇಟ್ಟದ್ದು ಇಟ್ಟ ಹಾಗೇ. (ಭೌತಶಾಸ್ತ್ರದವರು ನನ್ನ ಮೇಲೆ ಜಗಳಕ್ಕೆ ಬರಬೇಡಿ. ಅವರ ಓವನ್, ಅವರ ಗಡಿಯಾರ.)

ಅಂದಿನಿಂದ ಮಲಗುವ ಮೊದಲು ಗಡಿಯಾರ ಓವನ್ನಿಗೆ, ಎದ್ದ ಮೇಲೆ ಗೋಡೆಗೆ. ಕ್ರಿಸ್ಮಸ್ ಹತ್ತಿರವಾಗಿತ್ತು, ಹಗಲೆಲ್ಲ ಅದೇ ಓವನ್ನಿನಲ್ಲಿ ದಾಲ್ಚಿನ್ನಿ ಬಿಸ್ಕತ್ತು ಬೇಯುತ್ತಿದ್ದವು, ಆರಿದ ಮೇಲೆ ಗಡಿಯಾರದ ಪಾಳಿ. ಎರಡು ವಾರ, ಆರು ಮಧ್ಯಾಹ್ನ, ಆರೂ ಸಲ ಹನ್ನೆರಡು ಇಪ್ಪತ್ತೈದಕ್ಕೆ ಗೇಟಿನಲ್ಲಿ. ತಡವಾಗಿ ಬಂದವರ ಪುಸ್ತಕದಲ್ಲಿ ಅವರ ಹೆಸರು ಮತ್ತೆ ಬೀಳಲಿಲ್ಲ. ವಾಪಸ್ ಬರುವಾಗ ಕಸಾಯಿ ಅಂಗಡಿಯಾತ ಎಂದಿನಂತೆ ಗಾಜಿನ ಮೇಲಿಂದ ಕೈಚಾಚಿ ಯೂಲೆಗೆ ಸಾಸೇಜಿನ ಒಂದು ಬಿಲ್ಲೆ ಕೊಡುತ್ತಿದ್ದ. ಮಗು ಅದಕ್ಕೆ ತೂತು ಮಾಡಿ ಕಣ್ಣಿಗಿಟ್ಟುಕೊಂಡು ಅಜ್ಜಿಯನ್ನು ನೋಡುತ್ತಿತ್ತು.

ಸಮಸ್ಯೆ ಬಗೆಹರಿದಿತ್ತು. ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯದಿರಲು ಕಾರಣ ನಾನು.

5

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಚಿಕ್ಕಂದಿನಲ್ಲಿ ಕಾಪಿ ಪುಸ್ತಕದಲ್ಲಿ ನೂರು ಸಲ ಬರೆದಿದ್ದೇನೆ. ಕೈಗೆ ಬಂತು, ಬಾಯಿಗೆ ಬರಲಿಲ್ಲ.

ಡಿಸೆಂಬರಿನ ಸಂತೆಯಲ್ಲಿ, ಬಿಸಿ ವೈನಿನ ಅಂಗಡಿಯ ಮುಂದೆ, ಹೋಲ್ಗರ್ ಸಿಕ್ಕ. ನನ್ನ ಕೈಯಲ್ಲಿ ಎರಡನೆಯ ಲೋಟ. ನಗಿಸುವ ಚಟ ನನಗೆ. ಫ್ರಿಜ್ಜಿನಿಂದ ಶುರುಮಾಡಿ ಓವನ್ನಿನವರೆಗೆ ಹೇಳಿದೆ, ಕೈಬಾಯಿ ತಿರುಗಿಸಿ, ಚೆನ್ನಾಗಿಯೇ ಹೇಳಿದೆ. ಪಕ್ಕದಲ್ಲಿ ನಿಂತವರೂ ನಗುತ್ತಿದ್ದರು. ಹೋಲ್ಗರ್ ನಗಲಿಲ್ಲ. ಕೇಳುವವನು ನಗದಿದ್ದರೆ ಕಥೆ ಹೇಳುವವಳಿಗೆ ಆಗುವ ಸಂಕಟ ನಿಮಗೆ ಗೊತ್ತಿಲ್ಲ. ಹಾಗಾಗಿ ಇಲ್ಲದ್ದೊಂದನ್ನು ಸೇರಿಸಿದೆ.

“ಟವೆಲ್ ಹೊದಿಸಿ, ತಟ್ಟಿ, ಗುಡ್ ನೈಟ್ ಬೇರೆ ಹೇಳ್ತಾರೆ ಗಡಿಯಾರಕ್ಕೆ,” ಅಂದೆ.

ಹೋಲ್ಗರ್ ಲೋಟ ಕೆಳಗಿಟ್ಟ. “ಗುಡ್ ನೈಟ್ ಹೇಳ್ತಾರಾ?”

“ಹೂಂ ಮತ್ತೆ.”

“ದಿನಾನಾ?”

“ದಿನಾ,” ಅಂದೆ ನಾನು, ಪಾಪಿ.

ಎರಡು ದಿನಕ್ಕೆ ಶಿಶುವಿಹಾರದ ಪಟ್ಟಿಯಿಂದ ಗುಂಡುಲಾ ರೈಟ್ಸ್ ಎಂಬ ಹೆಸರನ್ನು ಹೋಲ್ಗರ್ ತೆಗೆಸಿದ. ಇಲ್ಲಿ ಪ್ರತಿ ಮಗುವಿಗೂ ಒಂದು ಪಟ್ಟಿ ಇರುತ್ತದೆ, ಕರೆದುಕೊಂಡು ಹೋಗಬಹುದಾದವರ ಹೆಸರಿನದ್ದು. ಪಟ್ಟಿಯಲ್ಲಿ ಇಲ್ಲದವರಿಗೆ, ಹೆತ್ತವರ ಹೆತ್ತವರೇ ಆಗಲಿ, ಮಗುವನ್ನು ಬಿಡುವುದಿಲ್ಲ. ಯೂಲೆಯನ್ನು ಊಟದ ಗುಂಪಿಗೆ ಸೇರಿಸಿ ಮೂರು ಗಂಟೆಯವರೆಗೆ ಅಲ್ಲೇ ಬಿಟ್ಟರು.

ಗುಂಡುಲಾ ಅವರಿಗೆ ಇದು ಗೊತ್ತಾದದ್ದು ಗೇಟಿನಲ್ಲಿ. ಗುರುವಾರ, ಹನ್ನೆರಡು ಇಪ್ಪತ್ತೈದಕ್ಕೆ.

5ರ ಮುಂದುವರಿಕೆ. ಇದನ್ನು ಬರೆಯದೆ ಬಿಡೋಣ ಎಂದಿದ್ದೆ.

ಆ ಸಂಜೆ ಕೆಳಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಗುಂಡುಲಾ ಆಲೂಗಡ್ಡೆ ಸುಲಿಯುತ್ತಿದ್ದರು. ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಗುಡ್ ನೈಟ್ ಅಂತ ನಾನು ಯಾವತ್ತು ಹೇಳ್ದೆ?”

“ಹೇಳಿಲ್ಲ. ನಾನೇ ಸೇರಿಸ್ದೆ.”

“ಯಾಕೆ?”

“ಅವರು ನಗ್ಲಿ ಅಂತ.”

“ನಗು ಬರ್ಲಿಲ್ವಾ ಅವನಿಗೆ?”

“ಇಲ್ಲ.”

“ಬರಲ್ಲ. ಚಿಕ್ಕಂದಿನಿಂದಲೂ ಹಾಗೇ.” ಇನ್ನೊಂದು ಆಲೂಗಡ್ಡೆ ತೆಗೆದುಕೊಂಡರು. “ನಿಂಗೆ ನಗ್ಸೋಕೆ ಒಂದು ಕಥೆ ಬೇಕಿತ್ತು, ತಗೊಂಡೆ. ನನ್ನ ಹತ್ರ ಇದ್ದದ್ದು ವಾರಕ್ಕೆ ಮೂರು ಮಧ್ಯಾಹ್ನ ಕಣೇ. ಅದನ್ನೂ ಜೊತೆಗೆ ಕೊಟ್ಟು ಬಂದ್ಬಿಟ್ಟೆ.”

ನಾನು ಕ್ಷಮೆ ಕೇಳಿದೆ.

“ಅದನ್ನ ಇಟ್ಕೊಂಡು ನಾನೇನ್ ಮಾಡ್ಲಿ? ಹೋಗಿ ಅವನಿಗೆ ಹೇಳು.”

6

ಹೇಳಿದೆ. ಹೋಲ್ಗರ್‌ನ ಮನೆಗೆ ಹೋಗಿ, ಬಾಗಿಲಲ್ಲಿ ಬೂಟು ಬಿಚ್ಚಿ, ಅಡುಗೆಮನೆಯ ಎತ್ತರದ ಕುರ್ಚಿಯ ಮೇಲೆ ಕೂತು, ಒಂದೂ ಬಿಡದೆ ಹೇಳಿದೆ. ಏಳು ನಿಮಿಷ, ಕಾಲಿನ ಲೆಕ್ಕ, ಎರಡು ವಾರ ಒಂದು ದಿನವೂ ತಡವಾಗದ್ದು, ಗುಡ್ ನೈಟ್ ನನ್ನ ಕಟ್ಟುಕಥೆ ಎಂಬುದು. ಅವನು ಪೂರ್ತಿ ಕೇಳಿಸಿಕೊಂಡ. ತಪಾಸಣೆಯವರು ಹಾಗೆ ಕೇಳುತ್ತಾರೆ.

“ನೀವು ಕಥೆ ಬರೆಯೋರು,” ಅಂದ. “ಅವತ್ತು ಹೇಳಿದ್ದು ಸುಳ್ಳಾ, ಇವತ್ತು ಹೇಳ್ತಿರೋದು ಸುಳ್ಳಾ, ನನಗೆ ಹೇಗೆ ಗೊತ್ತಾಗ್ಬೇಕು?”

“ಅಮ್ಮನ್ನೇ ಕೇಳಿ.”

“ಕೇಳ್ದೆ. ಗುಡ್ ನೈಟ್ ಹೇಳಿಲ್ಲ ಅಂದ್ರು. ಓವನ್ನಲ್ಲಿ ಇಡೋದು ನಿಜ ಅಂದ್ರು. ನೀವೇ ಹೇಳಿ, ರಾತ್ರಿ ಹೊತ್ತು ಗಡಿಯಾರವನ್ನ ಓವನ್ನಲ್ಲಿ ಇಡೋರ ಕೈಗೆ ನಿಮ್ಮ ಮಗು ಕೊಡ್ತೀರಾ?”

“ಅವರು ಹೊತ್ತಿಗೆ ಸರಿಯಾಗಿ ಬರೋದಕ್ಕೇ ಅದನ್ನ ಇಟ್ಟದ್ದು ಹೋಲ್ಗರ್.”

“ಹೊತ್ತಿಗೆ ಸರಿಯಾಗಿ ಬರೋದಕ್ಕೆ ಸರಿಯಾದ ಗಡಿಯಾರವನ್ನ ಕೆಡಿಸ್ಬೇಕಾ?”

ನನಗೆ ಮೈಯೆಲ್ಲ ಉರಿಯಿತು. ಆದರೆ ಓದುಗರೇ, ಪ್ರಾಮಾಣಿಕವಾಗಿ ಹೇಳಿ, ಈ ವಾಕ್ಯವನ್ನು ಹಾಗೇ ಗೋಡೆಯ ಮೇಲೆ ತೂಗುಹಾಕಿದರೆ ಅದು ಸರಿಯೆಂದೇ ಕಾಣುವುದಿಲ್ಲವೇ? ಅವನು ಕೆಟ್ಟವನಾಗಿದ್ದರೆ ನನ್ನ ಕೆಲಸ ಎಷ್ಟು ಸಲೀಸಾಗುತ್ತಿತ್ತು. ತಾಯಿಯ ಮೇಲೆ ಪ್ರೀತಿ ಇದೆ, ಮಗಳ ಮೇಲೆ ಕಾಳಜಿ ಇದೆ, ಕೈಯಲ್ಲಿ ಒಂದು ಸ್ಟಿಕರ್ ಇದೆ. ಅಂಥವನ ಜೊತೆ ಜಗಳವಾಡಿ ಗೆದ್ದವರನ್ನು ನಾನು ನೋಡಿಲ್ಲ.

7

ಮುಕ್ತಾಯ ಅ: ಹೋಲ್ಗರ್ ಒಂದು ಭಾನುವಾರ ತಾಯಿಯ ಮನೆಗೆ ಬಂದು, ಒಳಗೆ ನೋಡದೆ ಓವನ್ ಹಚ್ಚುತ್ತಾನೆ. ಗಡಿಯಾರ ಕರಗಿ ಟವೆಲ್ಲಿಗೆ ಅಂಟುತ್ತದೆ. ಹೊಗೆ. ಕಿಟಕಿ ತೆಗೆಯುತ್ತಾರೆ. ಎಲ್ಲರೂ ನಗುತ್ತಾರೆ, ಎಲ್ಲ ಸರಿಹೋಗುತ್ತದೆ.

“ನನ್ನ ಓವನ್ ಹಾಳಾಗುತ್ತೆ. ಬೇಡ,” ಅಂದರು ಗುಂಡುಲಾ.

ಮುಕ್ತಾಯ ಆ: ಹೋಲ್ಗರ್ ಖಾಲಿ ಗೋಡೆಯ ಮುಂದೆ ನಿಲ್ಲುತ್ತಾನೆ. ಹಳದಿ ಗಡಿಯಾರ ಇದ್ದ ಜಾಗದಲ್ಲಿ ಬಣ್ಣ ಮಾಸದ ಒಂದು ಸುತ್ತು. ತನ್ನ ಬಾಲ್ಯವೆಲ್ಲ ಏಳು ನಿಮಿಷ ಮುಂದೆ ಓಡಿದ್ದು ನೆನಪಾಗಿ ಕಣ್ಣು ತುಂಬಿಕೊಳ್ಳುತ್ತಾನೆ.

“ಹೋಲ್ಗರ್ ಅಳ್ತಾನಾ? ಅವರಪ್ಪನ್ನ ಮಣ್ಣು ಮಾಡಿದ ದಿನಾನೂ ಕಾರ್ ಪಾರ್ಕಿಂಗ್ ಚೀಟಿ ಎಲ್ಲಿ ಅಂತ ಜೇಬು ತಡಕ್ತಿದ್ದ ಅವನು.”

“ಕಥೇಲಿ ಅಳ್ಬಹುದು.”

“ನಿನ್ನ ಕಥೇಲಿ ನಾನು ಗುಡ್ ನೈಟ್ ಹೇಳಿದ್ದೂ ಆಯ್ತು.”

ಮುಕ್ತಾಯ ಇ ಬರೆಯಲು ಪೆನ್ನು ತೆಗೆದೆ. ಅವರು ಹಾಳೆಯ ಮೇಲೆ ಕೈಯಿಟ್ಟರು. ಹಿಟ್ಟಿನ ಕೈ.

“ಕೊನೆ ಯಾರಿಗೆ ಬೇಕು ಮಾರಾಯ್ತಿ? ನಂಗೆ ಸೋಮವಾರ ಬೇಕು.”

8

ಹೋಲ್ಗರ್ ಒಂದು ಶುಕ್ರವಾರ ಬಂದ. ರಾಜಿಗೆ ಬಂದಿದ್ದೇನೆ ಅಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವಂಥ ರಾಜಿ.

“ನಿಮ್ಮ ಹೆಸರನ್ನ ಪಟ್ಟಿಗೆ ಸೇರಿಸಿದ್ದೀನಿ,” ಅಂದ ನನಗೆ. “ಲೈಬ್ರರಿಗೆ ಹೋಗೋ ಮೊದಲು ನಿಮಗೆ ಬಿಡುವಿರುತ್ತಲ್ಲ. ಗುರುತಿನ ಚೀಟಿ ತಗೊಂಡು ಹೋಗಿ, ಸಹಿ ಮಾಡಿ. ಅಮ್ಮ ಜೊತೆಗೆ ಬರ್ಲಿ. ಏನಮ್ಮ, ಆಗಬಹುದಲ್ವಾ?”

ಗಮನಿಸಿ. ಅವರ ಬಗ್ಗೆ ಸುಳ್ಳು ಹೇಳಿದವಳು ನಾನು. ನನ್ನನ್ನು ನಂಬಬಹುದಂತೆ. ಕಥೆಗಾರ್ತಿಯ ಮಾತು ನಂಬಲಾರೆ ಎಂದವನೇ ಕಥೆಗಾರ್ತಿಯ ಸಹಿ ಸಾಕು ಎನ್ನುತ್ತಿದ್ದಾನೆ, ಯಾಕೆಂದರೆ ನನ್ನ ವಯಸ್ಸು ಐವತ್ತೊಂದು ಮತ್ತು ನಾನು ರಾತ್ರಿ ಓವನ್ನಿನಲ್ಲಿ ಏನನ್ನೂ ಇಡುವುದಿಲ್ಲ.

ಬೇಡ ಅಂತಾರೆ, ಎದ್ದು ಬೈಯುತ್ತಾರೆ ಎಂದು ಕಾದೆ. ಇಂಥ ಜಾಗದಲ್ಲಿ ಪಾತ್ರಗಳು ಎದ್ದು ನಿಲ್ಲಬೇಕು. ಒಂದು ಪುಟದ ಬೈಗುಳ ನನ್ನ ಹತ್ತಿರ ತಯಾರಿತ್ತು.

“ಆಗಬಹುದು,” ಅಂದರು ಗುಂಡುಲಾ.

ಅವನು ಹೋದಮೇಲೆ ಕೇಳಿದೆ, ಯಾಕೆ ಒಪ್ಪಿದಿರಿ, ಮರ್ಯಾದೆ ಬೇಡವಾ ಅಂತ.

“ಮರ್ಯಾದೆ ಕೈ ಹಿಡ್ಕೊಂಡು ಮನೆಗೆ ನಡ್ಕೊಂಡು ಬರುತ್ತಾ?” ಅಂದರು. “ಮಗು ಬರುತ್ತೆ.”

9

ಸೋಮವಾರ. ನಾವು ಗೇಟು ತಲುಪಿದಾಗ ಹನ್ನೆರಡು ಇಪ್ಪತ್ತೈದು. ಬೆಲ್ ಒತ್ತಬೇಕಾಗಲಿಲ್ಲ. ಒಳಗೆ ಸಾಲಾಗಿ ಪುಟ್ಟ ಕೋಟುಗಳು, ಒದ್ದೆ ಬೂಟುಗಳು, ಮೊಣಕಾಲೆತ್ತರದ ಬೆಂಚು. ಮುಖ್ಯಸ್ಥೆ ಡಿಟ್ಮಾರ್ ಮೇಡಂ ಹಲಗೆಗೆ ಸಿಕ್ಕಿಸಿದ ಹಾಳೆ ಹಿಡಿದು ನಿಂತಿದ್ದರು. ಈ ಮೇಡಂ ಚಿಕ್ಕವರಿದ್ದಾಗ ನಮ್ಮ ಬೀದಿಯಲ್ಲಿ ಸೈಕಲ್ಲಿನಿಂದ ಬಿದ್ದರೆ ಮಂಡಿಗೆ ಪಟ್ಟಿ ಕಟ್ಟುತ್ತಿದ್ದವರು ಗುಂಡುಲಾ.

ಮೇಡಂ ನನ್ನ ಗುರುತಿನ ಚೀಟಿ ನೋಡಿದರು. ಫೋಟೋ ನೋಡಿ ನನ್ನ ಮುಖ ನೋಡಿದರು.

“ಸಹಿ ಇವರದ್ದು ಮಾತ್ರ ಸಾಕು, ರೈಟ್ಸ್ ಅವರೇ,” ಅಂದರು, ದನಿ ತಗ್ಗಿಸಿ. ನಾಚಿಕೆಯಾಗಿತ್ತು ಅವರಿಗೂ. “ನೀವು ಸ್ವಲ್ಪ ಬೆಂಚಿನ ಮೇಲೆ ಕೂತಿರಿ.”

ಗುಂಡುಲಾ ಆ ಮಕ್ಕಳ ಬೆಂಚನ್ನು ನೋಡಿದರು. ಕೂರಲಿಲ್ಲ.

“ಟೈಮ್ ಬರ್ಕೊಳ್ಳಿ,” ಅಂದರು. “ಹನ್ನೆರಡು ಇಪ್ಪತ್ತೈದು.”

ಯೂಲೆ ಓಡಿಬಂತು. ಟೋಪಿ ಕಿವಿಯ ಮೇಲೆ, ಕೋಟಿನ ಗುಂಡಿ ತಪ್ಪಿ ಹಾಕಿತ್ತು. ಅಜ್ಜಿಯ ಕೈಗೆ ತನ್ನ ಕೈ ಕೊಟ್ಟು, ಕೆಲಸ ಮುಗಿಯಿತೆಂಬಂತೆ ಬಾಗಿಲ ಕಡೆ ತಿರುಗಿತು.

“ಯೂಲೆ, ನಿಲ್ಲು ಕಂದ. ಇವತ್ತು ನೀನು ಈ ಆಂಟಿ ಜೊತೆ ಹೋಗೋದು,” ಅಂದರು ಮೇಡಂ.

ಮಗು ನನ್ನನ್ನು ಮೇಲಿಂದ ಕೆಳಗೆ ನೋಡಿತು. “ಇವರು ಮೇಲಿನ ಮನೆಯೋರು,” ಅಂತು. “ನಾನು ಅಜ್ಜಿ ಜೊತೆ ಹೋಗೋದು.”

ನನ್ನ ಹಿಂದೆ ಇಬ್ಬರು ತಾಯಂದಿರು ಕಾಯುತ್ತಿದ್ದರು. ಹಲಗೆ ನನ್ನ ಮುಂದೆ ಬಂತು. ‘ಯಾರು ಕರೆದುಕೊಂಡು ಹೋದರು’ ಎಂಬ ಖಾನೆ ಖಾಲಿಯಿತ್ತು. ನಾನು ಪೆನ್ನು ಹಿಡಿದು ನಿಂತೆ. ಇಲ್ಲಿ ಗುಂಡುಲಾ ರೈಟ್ಸ್ ಎಂದು ಬರೆದುಬಿಡಬೇಕು, ಹಲಗೆಯನ್ನು ನೆಲಕ್ಕೆ ಬಡಿಯಬೇಕು, ಈ ಹೆಂಗಸು ತಪ್ಪು ಮಾಡಿಲ್ಲ, ತಪ್ಪು ಹೇಳಿದ್ದು ನಾನು ಎಂದು ಇಡೀ ಊರಿಗೆ ಕೇಳುವಂತೆ ಹೇಳಬೇಕು. ಕಥೆಯಾಗಿದ್ದರೆ ಹಾಗೆಯೇ ಬರೆಯುತ್ತಿದ್ದೆ. ಹಾಗೆ ಬರೆದರೆ ಮಗುವನ್ನು ಬಿಡುವುದಿಲ್ಲ.

ಗುಂಡುಲಾ ಬಗ್ಗಿ ಯೂಲೆಯ ಕೋಟಿನ ಗುಂಡಿಗಳನ್ನು ಬಿಚ್ಚಿ ಮೊದಲಿನಿಂದ ಸರಿಯಾಗಿ ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

“ಬರೆಯೇ,” ಅಂದರು. “ಮಗೂಗೆ ಸೆಕೆ ಆಗುತ್ತೆ.”

ನನ್ನ ಹೆಸರು ಬರೆದೆ. ಅದು ಸುಳ್ಳು. ಮಗುವನ್ನು ಕರೆದುಕೊಂಡು ಹೋದದ್ದು ಗುಂಡುಲಾ. ನಾನು ಹತ್ತು ಹೆಜ್ಜೆ ಹಿಂದೆ ನಡೆದೆ.

10

ಇಲ್ಲಿ ನಿಮಗೊಂದು ಮುಕ್ತಾಯ ಸಿಗಬೇಕು. ಮೂರು ಪುಟ ಹಿಂದೆಯೇ ಸಿಗಬೇಕಿತ್ತು ಎನ್ನುತ್ತೀರಿ. ಆಮೇಲೆ ಏನಾಯಿತು, ಹೋಲ್ಗರ್ ಮನಸ್ಸು ಬದಲಾಯಿತೇ ಎಂದು ಕೇಳುತ್ತೀರಿ. ಮಂಗಳವಾರವೂ ನಾನೇ ಸಹಿ ಮಾಡಿದೆ. ಗುರುವಾರವೂ ಮಾಡಿದೆ. ನಾಳೆ ಮತ್ತೆ ಸೋಮವಾರ. ಪ್ರತಿ ಸಲವೂ ಅವರನ್ನು ಬೆಂಚಿನ ಮೇಲೆ ಕೂರಲು ಹೇಳುತ್ತಾರೆ, ಪ್ರತಿ ಸಲವೂ ಅವರು ಕೂರುವುದಿಲ್ಲ.

ಇದಕ್ಕೊಂದು ಚಂದದ ಕೊನೆ ಬರೆದುಕೊಟ್ಟರೆ ನೀವು ಪುಸ್ತಕ ಮುಚ್ಚಿ, ಪಾಪ ಎಂದು ಎದ್ದು ಊಟಕ್ಕೆ ಹೋಗುತ್ತೀರಿ. ಹೋಗಗೊಡುವುದಿಲ್ಲ. ಆ ಹಾಳೆಗೆ ಹಾಕುತ್ತಿರುವ ಸುಳ್ಳು ಸಹಿಯೇ ಸಾಕು, ಕಥೆಗೂ ಒಂದು ಹಾಕಲಾರೆ. ಗುಂಡುಲಾ ರೈಟ್ಸ್ ತಮ್ಮ ಕೈಯಾರೆ ತಮ್ಮ ಹೆಸರನ್ನು ಆ ಖಾನೆಯಲ್ಲಿ ಬರೆಯುವವರೆಗೆ ನಾನು ಈ ಕಥೆಯನ್ನು ಮುಗಿಸುವುದಿಲ್ಲ. ಅಲ್ಲಿಯವರೆಗೆ ನೀವೂ ನಮ್ಮ ಜೊತೆ ನಿಂತೇ ಇರಿ.